ಬೀಗದ ವಾರ್ಡಿನಿಂದ ಮನೆಗೆ ಬಂದವರನ್ನು ಮೊದಲ ಮೂರು ತಿಂಗಳು ಕಾಪಾಡಿಕೊಳ್ಳುವುದು

ನನ್ನ ತಮ್ಮ 47 ದಿನ ಮಾನಸಿಕ ಆಸ್ಪತ್ರೆಯ ಕ್ಲೋಸ್ಡ್ ವಾರ್ಡಿನಲ್ಲಿದ್ದ. ಆ 47 ರಾತ್ರಿಯೂ ನಾನು ನೆಮ್ಮದಿಯಾಗಿ ಮಲಗಿದೆ. ಅದಕ್ಕೂ ಮುಂಚಿನ ಎರಡು ತಿಂಗಳು ಮನೆಯಲ್ಲಿ ಯಾರೂ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಅವನು ಬೀಗದ ಒಳಗಿದ್ದಾನೆ, ನರ್ಸ್‌ಗಳು ನೋಡ್ತಾರೆ, ಇನ್ನೇನೂ ಆಗಲ್ಲ ಅಂತ ಧೈರ್ಯ. ಒಂದು ಶುಕ್ರವಾರ ಸಂಜೆ ಡಿಸ್ಚಾರ್ಜ್ ಮಾಡಿದರು. ಅಪ್ಪ ಕರೆದುಕೊಂಡು ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ 30 ದಿನದ ಮಾತ್ರೆ, ಮುಂದಿನ ತಿಂಗಳ ತಾರೀಖು ಬರೆದ ಚೀಟಿ. ಅಮ್ಮ ಆರತಿ ಎತ್ತಿ ಒಳಗೆ ಕರೆದರು. ಕಷ್ಟ ಮುಗಿಯಿತು ಅಂದುಕೊಂಡೆವು.

ಮೂರನೇ ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಅವನ ಚಾಪೆ ಖಾಲಿ. ಟಾರ್ಚ್ ಹಿಡಿದು ತೋಟವೆಲ್ಲ ಸುತ್ತಿದೆವು. ಬೇಲಿ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಸಾಯಬೇಕು ಅಂತ ಹೋಗಿದ್ದ. ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ಯಾರಿಗೂ ಉಪಯೋಗವಿಲ್ಲ. ಅವನು ಹೇಳಿದ ಮಾತು ಮಾತ್ರ ಬರೆಯುತ್ತೇನೆ. "ಅಲ್ಲಿ ಎಲ್ಲರೂ ನನ್ನ ಥರದವರೇ ಇದ್ರು ಅಕ್ಕ. ಇಲ್ಲಿ ನಾನೊಬ್ಬನೇ."

ಇದು ಆಗಿ ಆರು ವರ್ಷ ದಾಟಿತು. ತಮ್ಮ ನಮ್ಮ ಜೊತೆಗೇ ಇದ್ದಾನೆ, ಕೊಬ್ಬರಿ ಕೆಲಸ ಮಾಡುತ್ತಾನೆ. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆದೆ. ಹೆಸರು ಮಾತ್ರ ಬೇಡ ಅಂದ. ನಾನು ಡಾಕ್ಟರ್ ಅಲ್ಲ. ತಿಪಟೂರು ಕಡೆಯ ಒಂದು ಹಳ್ಳಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಆ ಶುಕ್ರವಾರ ಯಾರಾದರೂ ಹತ್ತು ನಿಮಿಷ ಕೂರಿಸಿ ಹೇಳಿದ್ದರೆ ಸಾಕಿತ್ತು ಅನ್ನಿಸುವ ವಿಷಯಗಳನ್ನು, ನಾಳೆ ಆ ಚೀಲ ಹಿಡಿದು ಬರುವವರಿಗಾಗಿ ಹೇಳುತ್ತಿದ್ದೇನೆ.

ಅಪಾಯ ಯಾವಾಗ ಜಾಸ್ತಿ

ಮೊದಲು ಇದು ತಲೆಯಲ್ಲಿರಲಿ. ಬಾಗಿಲು ತೆರೆದ ಮೇಲಿನ ದಿನಗಳೇ ತುಂಬಾ ಸೂಕ್ಷ್ಮ. ಮನೋವೈದ್ಯಕೀಯ ಆಸ್ಪತ್ರೆಯಿಂದ ಬಿಡುಗಡೆಯಾದವರ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ 100 ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಮೊದಲ ಮೂರು ತಿಂಗಳಲ್ಲಿ ಆತ್ಮಹತ್ಯೆಯ ದರ ವರ್ಷಕ್ಕೆ ಲಕ್ಷಕ್ಕೆ 1132ರಷ್ಟಿತ್ತು. ನಮ್ಮ ದೇಶದ ಸಾಮಾನ್ಯ ದರ 2022ರ ಸರ್ಕಾರಿ ಲೆಕ್ಕದಲ್ಲಿ ಲಕ್ಷಕ್ಕೆ 12.4.

ಈ ಅಂಕಿ ಓದಿದಾಗ ನನ್ನ ಕೈ ತಣ್ಣಗಾಯಿತು. ಆಮೇಲೆ ಪೆನ್ನು ತಗೊಂಡು ಬಿಡಿಸಿ ನೋಡಿದೆ. ಸಾವಿರ ಜನ ಹೀಗೆ ಮನೆಗೆ ಬಂದರೆ ಮೊದಲ ಮೂರು ತಿಂಗಳಲ್ಲಿ ಸುಮಾರು ಮೂವರು. ಮಾಮೂಲಿ ಜನರಲ್ಲಿ ಮೂವರಾಗಬೇಕಾದರೆ ಲಕ್ಷ ಜನ ಬೇಕು. ಅಪಾಯ ನಿಜಕ್ಕೂ ದೊಡ್ಡದು. ಆದರೆ ಸಾವಿರದಲ್ಲಿ 997 ಜನ ಆ ದಿನಗಳನ್ನು ದಾಟುತ್ತಾರೆ ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಿ. ಮೊದಲನೆಯದನ್ನೇ ಹಿಡಿದುಕೊಂಡರೆ ಮನೆಯೇ ಇನ್ನೊಂದು ವಾರ್ಡ್ ಆಗುತ್ತದೆ.

ಮೂರು ತಿಂಗಳಲ್ಲೂ ಮೊದಲ ವಾರ ಇನ್ನೂ ಸೂಕ್ಷ್ಮ. ಇಂಗ್ಲೆಂಡಿನಲ್ಲಿ ಡಿಸ್ಚಾರ್ಜ್ ಆದ 72 ಗಂಟೆಯೊಳಗೆ ಆಸ್ಪತ್ರೆಯವರೇ ರೋಗಿಯನ್ನು ವಿಚಾರಿಸಬೇಕು ಅನ್ನುವ ಪದ್ಧತಿ ಬಂದಿರುವುದು ಇದೇ ಕಾರಣಕ್ಕೆ. ನಮ್ಮ ಮನೆಯಲ್ಲೂ ಅದು ಮೂರನೇ ರಾತ್ರಿಯೇ ಅಲ್ವಾ.

ಯಾಕೆ ಹೀಗಾಗುತ್ತದೆ? ತಮ್ಮ ನಿಧಾನಕ್ಕೆ, ವರ್ಷಗಳ ಮೇಲೆ, ಬಿಡಿಸಿ ಹೇಳಿದ. ಕಾಯಿಲೆ ಜೋರಾಗಿದ್ದಾಗ ಕಿವಿಯಲ್ಲಿ ಕೇಳುವ ದನಿಗಳಲ್ಲೇ ಮುಳುಗಿದ್ದ. ಮಾತ್ರೆಯಿಂದ ಅದು ಇಳಿಯಿತು. ಇಳಿದಾಗ ಕಣ್ಣಿಗೆ ಬಿದ್ದದ್ದು ಹೋದ ಕೆಲಸ, ಮುರಿದ ಮದುವೆ ಮಾತುಕತೆ, ತನ್ನಿಂದ ಅಪ್ಪ ಮಾಡಿದ ಸಾಲ. ಅವನಿಗೆ ಗುಣವಾದಷ್ಟೂ ಇದೆಲ್ಲ ಸ್ಪಷ್ಟವಾಗಿ ಕಾಣತೊಡಗಿತು. ಹಾಗಾಗಿ "ಈಗ ಚೆನ್ನಾಗಿದ್ದಾನೆ, ಮಾತಾಡ್ತಾನೆ" ಅಂತ ಕಾವಲು ಬಿಟ್ಟುಬಿಡಬೇಡಿ.

ಇನ್ನೂ ಒಳಗಿರುವಾಗಲೇ

ಕ್ಲೋಸ್ಡ್ ವಾರ್ಡಿನೊಳಗೂ ಅಪಾಯ ಸೊನ್ನೆಯಾಗುವುದಿಲ್ಲ. ಸೇರಿಸಿದ ಮೊದಲ ದಿನಗಳು, ವಾರ್ಡ್ ಬದಲಿಸುವಾಗ, ಒಂದೆರಡು ದಿನ ಮನೆಗೆ ರಜೆ ಕೊಟ್ಟು ಕಳಿಸುವಾಗ ಹುಷಾರಾಗಿರಬೇಕು. ಅಲ್ಲಿನ ನರ್ಸ್‌ಗಳಿಗೆ ನಿಮ್ಮ ಮನೆಯ ವಿಷಯ ಗೊತ್ತಿರುವುದಿಲ್ಲ. ಹಿಂದೆ ಯಾವಾಗಲಾದರೂ ಪ್ರಯತ್ನ ಮಾಡಿದ್ದರೆ ಮುಚ್ಚಿಡದೆ ಹೇಳಿ. ಮನೆಯಲ್ಲಿ ಬೇರೆ ಯಾರಾದರೂ ಹಾಗೆ ತೀರಿಕೊಂಡಿದ್ದರೆ ಅದನ್ನೂ ಹೇಳಿ. ನಾವು ನಮ್ಮ ಚಿಕ್ಕಪ್ಪನ ವಿಷಯ ಹೇಳಲಿಲ್ಲ. ಮರ್ಯಾದೆ ಪ್ರಶ್ನೆ ಅಂದುಕೊಂಡೆವು. ಆ ತಪ್ಪು ನಮ್ಮದೇ.

ಡಿಸ್ಚಾರ್ಜ್ ದಿನ ಮಾತ್ರ ಗಟ್ಟಿಯಾಗಿ ನಿಲ್ಲಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 98ನೇ ಕಲಂ ಇದೆ. ರೋಗಿಯನ್ನು ಮನೆಗೆ ಕಳಿಸುವ ಮುಂಚೆ ಮುಂದಿನ ಚಿಕಿತ್ಸೆ ಹೇಗೆ ಅಂತ ಅವರ ಜೊತೆಗೂ, ನೋಡಿಕೊಳ್ಳುವವರ ಜೊತೆಗೂ ಡಾಕ್ಟರ್ ಮಾತಾಡಿ ಯೋಜನೆ ಮಾಡಬೇಕು. ನಮ್ಮ ಜೊತೆ ಯಾರೂ ಮಾತಾಡಲಿಲ್ಲ, ಕೇಳಬಹುದು ಅಂತ ನಮಗೂ ಗೊತ್ತಿರಲಿಲ್ಲ. ನೀವು ಕೇಳಿ. "ಸಾರ್, ಮನೆಗೆ ಹೋದ ಮೇಲೆ ಮೊದಲ ವಾರದಲ್ಲೇ ಒಂದು ಸಲ ನೋಡ್ತೀರಾ? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಮಾಡಬೇಕು? ಮಾತ್ರೆ 30 ದಿನದ್ದು ಬೇಡ, ವಾರದ್ದು ಕೊಡ್ತೀರಾ?" ಈ ಮೂರು ಪ್ರಶ್ನೆಗೆ ಉತ್ತರ ಸಿಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಆದಷ್ಟೂ ಶುಕ್ರವಾರ ಸಂಜೆ ಕರೆದುಕೊಂಡು ಬರಬೇಡಿ. ಶನಿವಾರ, ಭಾನುವಾರ ನಿಮ್ಮ ಪರಿಚಯದ ಡಾಕ್ಟರ್ ಫೋನಿಗೆ ಸಿಗುವುದು ಕಷ್ಟ.

ಬೆಂಗಳೂರು ಅಥವಾ ಧಾರವಾಡ ದೂರವಾದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವಾಗ ಅಂತ ವಿಚಾರಿಸಿ. ಮಂಗಳವಾರ ಮನೋವೈದ್ಯರು ಬರುವ ಕಾರ್ಯಕ್ರಮ ಅದು. ಹತ್ತಿರದಲ್ಲೇ ಮಾತ್ರೆ ಸಿಗುತ್ತದೆ ಅಂದರೆ ಮಾತ್ರೆ ತಪ್ಪುವುದು ಎಷ್ಟೋ ಕಡಿಮೆಯಾಗುತ್ತದೆ.

ಮನೆ ಸಿದ್ಧ ಮಾಡುವುದು

ಸಾಯುವ ಯೋಚನೆ ಅಲೆಯ ಹಾಗೆ ಬರುತ್ತದೆ. ಜೋರಾಗಿ ಏರಿ, ಸ್ವಲ್ಪ ಹೊತ್ತು ನಿಂತು, ಇಳಿಯುತ್ತದೆ. ಅದು ಏರಿದ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. "ಮಾಡಿಕೊಳ್ಳೋರು ಹೇಗಿದ್ರೂ ಮಾಡಿಕೊಳ್ತಾರೆ" ಅಂತ ನಮ್ಮೂರಲ್ಲಿ ಹೇಳುವವರಿದ್ದಾರೆ. ಅದು ಸುಳ್ಳು. ಶ್ರೀಲಂಕಾದಲ್ಲಿ ತುಂಬಾ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. 1995ರ ನಂತರದ ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ಆತ್ಮಹತ್ಯೆಯ ದರ ಸುಮಾರು ಶೇಕಡ 70ರಷ್ಟು ಇಳಿಯಿತು. ಅಷ್ಟೂ ಜನ ಬೇರೆ ದಾರಿ ಹುಡುಕಿಕೊಂಡು ಹೋಗಲಿಲ್ಲ, ಬದುಕಿದರು.

ನಾವು ಮಾಡಿದ್ದು ಹೀಗೆ. ತೋಟದ ಔಷಧಿ ಒಂದು ಹನಿಯೂ ಮನೆಯಲ್ಲಿ, ಪಂಪ್‌ಹೌಸಿನಲ್ಲಿ ಇಡಲಿಲ್ಲ. ಪಕ್ಕದ ತೋಟದವರ ಗೋದಾಮಿಗೆ ಕೊಟ್ಟು ಬೀಗ ಹಾಕಿಸಿದೆವು. ಬೇಕಾದಾಗ ಅಪ್ಪ ಅಷ್ಟನ್ನೇ ತಂದು, ಹೊಡೆದು, ಡಬ್ಬ ವಾಪಸ್ ಕೊಡುತ್ತಿದ್ದರು. ಮಾತ್ರೆಗಳೆಲ್ಲ ಅಮ್ಮನ ಸ್ಟೀಲ್ ಟ್ರಂಕಿನೊಳಗೆ. ತಮ್ಮನದು ಮಾತ್ರ ಅಲ್ಲ, ಅಪ್ಪನ ಬಿಪಿ ಮಾತ್ರೆ, ಅಜ್ಜಿಯ ನಿದ್ದೆ ಮಾತ್ರೆ, ಜ್ವರದ ಮಾತ್ರೆ ಕೂಡ. ಕೀಲಿ ನನ್ನ ಸೆರಗಿನ ಗಂಟಿನಲ್ಲಿ. ಏಳು ಖಾನೆಯ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ದಿನದ ಲೆಕ್ಕದಲ್ಲಿ ಹಾಕಿಟ್ಟೆ. ರಾತ್ರಿ ಊಟದ ಮೇಲೆ ಅವತ್ತಿನದು ಕೈಗೆ ಕೊಟ್ಟು, ನೀರು ಕುಡಿಯುವವರೆಗೆ ಪಕ್ಕದಲ್ಲಿ ಕೂರುತ್ತಿದ್ದೆ.

ಇದನ್ನೆಲ್ಲ ಕದ್ದುಮುಚ್ಚಿ ಮಾಡಬೇಡಿ. ನಾನು ಅವನಿಗೇ ಹೇಳಿದೆ. "ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಕಣೋ. ಆ ಹೊತ್ತು ಬಂದಾಗ ನಿನಗೆ ಸಹಾಯ ಆಗಲಿ ಅಂತ." ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಅವನೇ "ಟ್ರಂಕ್ ಕೀಲಿ ಹುಷಾರು" ಅನ್ನತೊಡಗಿದ.

ಇನ್ನೊಂದು ವಿಷಯ. ಆ ರಾತ್ರಿ ಆದ ಮೇಲೆ ನೆಂಟರೊಬ್ಬರು ಸರಪಳಿ ಹಾಕಿ ಕೋಣೆಯಲ್ಲಿ ಕೂರಿಸಿ ಅಂದರು. ದೂರದ ಒಂದು ಜಾಗದ ಹೆಸರು ಹೇಳಿ ಅಲ್ಲಿ ಬಿಟ್ಟು ಬನ್ನಿ ಅಂದವರೂ ಇದ್ದರು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಹೀಗೆ ಬಿಟ್ಟುಬಂದ ಮಾನಸಿಕ ರೋಗಿಗಳಿದ್ದ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. 28 ಜನ ಸತ್ತರು. ಓಡಲು ಆಗಲಿಲ್ಲ. ಈಗಿನ ಕಾಯ್ದೆಯಲ್ಲಿ ಸರಪಳಿ ಹಾಕುವುದಕ್ಕೆ ಪೂರ್ತಿ ನಿಷೇಧವಿದೆ. ಕಾಯ್ದೆ ಇಲ್ಲದಿದ್ದರೂ ದಯವಿಟ್ಟು ಹಾಕಬೇಡಿ.

ಬಾಯಿಬಿಟ್ಟು ಕೇಳುವುದು

ಎಲ್ಲಕ್ಕಿಂತ ಕಷ್ಟವಾದದ್ದು ಇದು. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ಕೇಳುವುದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಭಯ. ಹಾಗೆ ಆಗುವುದಿಲ್ಲ ಅಂತ ಸಂಶೋಧನೆಗಳು ಹೇಳುತ್ತವೆ. ಕೇಳಿಸಿಕೊಂಡವರಿಗೆ ಹಗುರವೇ ಆಗುತ್ತದೆ.

ನಾನು ಮೊದಲ ಸಲ ಕೇಳಿದ್ದು ಹಿತ್ತಲಿನಲ್ಲಿ. ಇಬ್ಬರೂ ಕೊಬ್ಬರಿ ಬಿಡಿಸುತ್ತಿದ್ದೆವು. ಕೈ ಕೆಲಸ ಮಾಡುತ್ತಿದ್ದರೆ ಮುಖ ಮುಖ ನೋಡಬೇಕಾಗಿಲ್ಲ, ಮಾತು ಸುಲಭ. ಚಿಪ್ಪು ಪಕ್ಕಕ್ಕಿಟ್ಟು ಕೇಳಿದೆ. ಅವನು ಸುಮಾರು ಹೊತ್ತು ಸುಮ್ಮನಿದ್ದ. ನಾನೂ ಸುಮ್ನೆ ಕೂತೆ. ಆಮೇಲೆ, "ದಿನಾ ಅನ್ನಿಸುತ್ತೆ. ಬೆಳಗಿನ ಜಾವ ಜಾಸ್ತಿ" ಅಂದ. ನನಗೆ ಜೀವ ಬಾಯಿಗೆ ಬಂತು. ಆದರೂ ಅಳಲಿಲ್ಲ, "ಹಾಗೆಲ್ಲ ಅನ್ನಬಾರದು, ಅಮ್ಮನ್ನ ನೆನಸ್ಕೋ" ಅನ್ನಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಬೆಳಗಿನ ಜಾವ ನಾನು ಎದ್ದಿರ್ತೀನಿ" ಅಂದೆ. ಮರುದಿನದಿಂದ ನಾಲ್ಕೂವರೆಗೆ ಎದ್ದು ಕಾಫಿ ಮಾಡತೊಡಗಿದೆ. ಇಬ್ಬರೂ ಜಗಲಿಯ ಮೇಲೆ ಕೂತು ಕುಡಿಯುತ್ತಿದ್ದೆವು. ಹೆಚ್ಚು ಮಾತೇನೂ ಇರುತ್ತಿರಲಿಲ್ಲ. ಸುಮಾರು ಎರಡು ತಿಂಗಳು ಹಾಗೇ ನಡೆಯಿತು.

ಉತ್ತರ ಹೌದು ಅಂತ ಬಂದು, ಹೇಗೆ, ಯಾವಾಗ ಅಂತಲೂ ಯೋಚಿಸಿದ್ದಾರೆ ಅಂತ ಗೊತ್ತಾದರೆ ಕಾಫಿ ಸಾಲದು. ಒಬ್ಬರನ್ನೇ ಬಿಡಬೇಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಸಿಗದಿದ್ದರೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 108ಕ್ಕೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ನಮ್ಮ ಕಾಲಕ್ಕೆ ಇದು ಇರಲಿಲ್ಲ. ಈ ನಂಬರನ್ನು ನೋಡಿಕೊಳ್ಳುವವರೂ ಬಳಸಬಹುದು. "ಯಾರಿಗೂ ಹೇಳಬೇಡ" ಅಂತ ಆಣೆ ಹಾಕಿಸಿಕೊಳ್ಳಲು ನೋಡಿದರೆ ಒಪ್ಪಬೇಡಿ. ಪೊಲೀಸ್ ಕೇಸಿನ ಭಯಕ್ಕೂ ಮುಚ್ಚಿಡಬೇಡಿ. ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವ ಹಾಗಿಲ್ಲ ಅಂತ 2017ರ ಅದೇ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಹೇಳುತ್ತದೆ.

ಬಾಯಿಬಿಟ್ಟು ಹೇಳದಿದ್ದರೂ ಕೆಲವು ಗುರುತುಗಳಿವೆ. ಎರಡು ರಾತ್ರಿ ಸತತವಾಗಿ ನಿದ್ದೆ ಇಲ್ಲ. ಮಾತ್ರೆ ಬೇಡ ಅನ್ನುವುದು. ಇಷ್ಟದ ವಸ್ತು ಇನ್ನೊಬ್ಬರಿಗೆ ಕೊಡುವುದು. ತುಂಬಾ ಸಂಕಟದಲ್ಲಿದ್ದವರು ಕಾರಣವಿಲ್ಲದೆ ದಿಢೀರನೆ ಶಾಂತವಾಗುವುದು. ಈ ಕೊನೆಯದನ್ನು ನಾವು ಗುಣವಾಯಿತು ಅಂತ ತಿಳಿದುಬಿಡುತ್ತೇವೆ.

ಒಂದು ಹಾಳೆ, ಕೆಲವು ಕಾರ್ಡು

ಚೆನ್ನಾಗಿರುವ ದಿನ ನೋಡಿ ಇಬ್ಬರೂ ಕೂತು ಒಂದು ಹಾಳೆ ಬರೆಯಿರಿ. ಅವರ ಮಾತಿನಲ್ಲೇ, ಅವರ ಕೈಬರಹದಲ್ಲೇ ಇರಲಿ. ಯೋಚನೆ ಏರುವ ಮುಂಚೆ ಏನಾಗುತ್ತದೆ, ಆಗ ತಾನೇ ಏನು ಮಾಡಬಹುದು, ಯಾರ ಹತ್ತಿರ ಹೋಗಿ ಕೂರಬಹುದು, ಯಾರಿಗೆ ಫೋನ್ ಮಾಡಬೇಕು, ಆಸ್ಪತ್ರೆ ನಂಬರ್ ಯಾವುದು. ತಮ್ಮನ ಹಾಳೆಯಲ್ಲಿ ಮೊದಲ ಸಾಲು, "ಕಿವಿಯಲ್ಲಿ ಶುರುವಾದ್ರೆ ಹಸು ಹತ್ರ ಹೋಗು." ಎರಡನೆಯದು, "ಅಕ್ಕನ್ನ ಎಬ್ಬಿಸು, ಬೈಯಲ್ಲ." ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಇಂಥ ಯೋಚನೆಯಿಂದ ಬಂದವರಿಗೆ ಹೀಗೆ ಹಾಳೆ ಬರೆಸಿ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತಾ ಹೋದಾಗ, ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ ಶೇಕಡ 45ರಷ್ಟು ಕಡಿಮೆ ಕಂಡುಬಂತು. 2018ರಲ್ಲಿ ಅದು ಪ್ರಕಟವಾಯಿತು.

ಅಂಚೆಯವಳಾದ್ದರಿಂದ ನನಗೆ ತುಂಬಾ ಹಿಡಿಸಿದ ಅಧ್ಯಯನ ಇನ್ನೊಂದಿದೆ. ಸ್ಯಾನ್ ಫ್ರಾನ್ಸಿಸ್ಕೋದ ಜೆರೋಮ್ ಮಾಟೋ ಅನ್ನುವ ಮನೋವೈದ್ಯರು ಮಾಡಿದ್ದು. ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆಯಿಂದ ಆಸ್ಪತ್ರೆ ಸೇರಿ, ಹೊರಬಂದ ಮೇಲೆ ಚಿಕಿತ್ಸೆ ಬೇಡ ಅಂದ 843 ಜನರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷ ಆಗಾಗ ಒಂದು ಚಿಕ್ಕ ಕಾಗದ ಬರೆಸಿದರು. ಹೇಗಿದ್ದೀರಿ, ನೆನಪಾಯಿತು, ಅಷ್ಟೇ. ಏನೂ ಕೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಕಾಗದ ಬಂದವರಲ್ಲಿ ಮೊದಲ ಎರಡು ವರ್ಷ ಆತ್ಮಹತ್ಯೆ ಕಡಿಮೆಯಾಗಿತ್ತು.

ನಾನು 50 ಪೈಸೆಯ ಹತ್ತು ಕಾರ್ಡು ತಗೊಂಡು ಅವನ ಹಳೆಯ ಮೇಷ್ಟ್ರಿಗೆ, ಇಬ್ಬರು ಗೆಳೆಯರಿಗೆ, ಮೈಸೂರಿನ ಅತ್ತೆಗೆ ಹಂಚಿದೆ. "ಎರಡು ಸಾಲು ಬರೀರಿ, ಕಾಯಿಲೆ ಸುದ್ದಿ ಬೇಡ" ಅಂದೆ. ಮೇಷ್ಟ್ರ ಕಾರ್ಡಿನಲ್ಲಿ ಶಾಲೆಯ ಹಿಂದಿನ ಹುಣಸೆಮರ ಕಡಿದ ಸುದ್ದಿ ಇತ್ತು. ತಮ್ಮ ಅದನ್ನು ಜೇಬಿನಲ್ಲಿಟ್ಟುಕೊಂಡು ವಾರ ಓಡಾಡಿದ. ನೀವು ವಾಟ್ಸಾಪ್ ಮಾಡಿಸಿದರೂ ನಡೆಯುತ್ತದೆ. ಮನೆಗೆ ನೋಡಲು ಬರುವ ನೆಂಟರನ್ನು ಮಾತ್ರ ಮೊದಲ ಎರಡು ವಾರ ತಡೆಯಿರಿ. ಬಂದೇ ಬರುವವರಿಗೆ "ಎಲ್ಲಿದ್ದೆ ಇಷ್ಟು ದಿನ" ಅಂತ ಕೇಳಬೇಡಿ ಅಂತ ಬಾಗಿಲಲ್ಲೇ ಹೇಳಿಬಿಡಿ.

ದೇಹವನ್ನು ಮರೆಯಬೇಡಿ

ತಮ್ಮನನ್ನು ನಾವು ಇನ್ನೊಂದು ಸಲ ಕಳೆದುಕೊಳ್ಳುವ ಹಾಗಾಗಿತ್ತು. ಅದಕ್ಕೂ ಮನಸ್ಸಿಗೂ ಸಂಬಂಧವೇ ಇರಲಿಲ್ಲ. ಐದು ದಿನ ಕಕ್ಕಸಿಗೆ ಹೋಗಿರಲಿಲ್ಲ, ಹೇಳಿಕೊಳ್ಳಲು ನಾಚಿಕೆ. ಹೊಟ್ಟೆ ಉಬ್ಬಿ, ವಾಂತಿ ಶುರುವಾಗಿ, ರಾತ್ರೋರಾತ್ರಿ ಕಾರು ಮಾಡಿಕೊಂಡು ತುಮಕೂರಿಗೆ ಓಡಿದೆವು. ಅವನು ತಗೊಳ್ಳುವುದು ಕ್ಲೋಜಪಿನ್. ಸ್ಕಿಜೋಫ್ರೇನಿಯಾ ಅಂದರೆ ಅವನ ಹಾಗೆ ಇಲ್ಲದ ದನಿ ಕೇಳಿಸುವಂಥ ಕಾಯಿಲೆ, ಅದು ಬೇರೆ ಮಾತ್ರೆಗೆ ಬಗ್ಗದಿದ್ದಾಗ ಇದನ್ನು ಕೊಡುತ್ತಾರೆ. ಆತ್ಮಹತ್ಯೆಯ ಅಪಾಯವನ್ನು ಇಳಿಸುತ್ತದೆ ಅಂತ ಗೊತ್ತಾಗಿರುವ ಮಾತ್ರೆ, ಅವನನ್ನು ಉಳಿಸಿದ್ದೇ ಅದು. ಆದರೆ ಕರುಳಿನ ಚಲನೆ ನಿಧಾನ ಮಾಡುತ್ತದೆ, ಮಲಬದ್ಧತೆಯಿಂದಲೇ ಜೀವ ಹೋಗಬಹುದು. ದಿನವೂ ಕೇಳಿ, ನಾಚಿಕೆ ಬೇಡ. ಎರಡು ದಿನ ದಾಟಿದರೆ ಡಾಕ್ಟರಿಗೆ ಹೇಳಿ. ಜ್ವರ, ಗಂಟಲುನೋವು ಬಂದರೆ ಅವತ್ತೇ ರಕ್ತಪರೀಕ್ಷೆ. ಮೊದಲ 18 ವಾರ, ವಾರಕ್ಕೊಂದು ರಕ್ತಪರೀಕ್ಷೆ ತಪ್ಪಿಸಲೇಬೇಡಿ.

ಬೀಡಿಯ ವಿಷಯವೂ ಇದೆ. ಬೀಗದ ವಾರ್ಡಿನಲ್ಲಿ ಬೀಡಿ ಸಿಗುವುದಿಲ್ಲ. ಅಲ್ಲಿ ಗೊತ್ತು ಮಾಡಿದ ಡೋಸು, ಬೀಡಿ ಸೇದದ ದೇಹಕ್ಕೆ ಸರಿಯಾದದ್ದು. ಮನೆಗೆ ಬಂದು ಮತ್ತೆ ಸೇದಲು ಶುರು ಮಾಡಿದರೆ ಹೊಗೆಯಿಂದ ಕ್ಲೋಜಪಿನ್ ಬೇಗ ಕರಗಿ ರಕ್ತದಲ್ಲಿ ಕಡಿಮೆಯಾಗುತ್ತದೆ, ಕಾಯಿಲೆ ಮರುಕಳಿಸಬಹುದು. ಸೇದುವವರು ದಿಢೀರನೆ ಬಿಟ್ಟರೆ ರಕ್ತದಲ್ಲಿ ಏರಿ ವಿಷವಾಗಬಹುದು. ಎರಡರಲ್ಲಿ ಯಾವುದಾದರೂ ಡಾಕ್ಟರಿಗೆ ಹೇಳಿ. ಮನಸ್ಸು ವಿಪರೀತ ಏರಿಳಿಯುವ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರಾದರೆ ವಾಂತಿ ಭೇದಿ, ಬಿಸಿಲಿನ ಬೆವರು, ಮೈಕೈ ನೋವಿನ ಮಾತ್ರೆ ಇವುಗಳಿಂದ ಅದು ರಕ್ತದಲ್ಲಿ ಏರುತ್ತದೆ. ಕೈ ಜೋರಾಗಿ ನಡುಗಿ, ನಡಿಗೆ ತಪ್ಪಿದರೆ ಕಾಯಬೇಡಿ.

ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮುಂಚೆ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹೃದಯ, ಸಕ್ಕರೆ ಕಾಯಿಲೆ, ಶ್ವಾಸಕೋಶದ ತೊಂದರೆಗಳದ್ದು. ಎದೆನೋವು ಅಂದರೂ "ಅವನದು ಮನಸ್ಸಿನ ಕಾಯಿಲೆ" ಅಂತ ಸುಮ್ಮನಾಗಿಬಿಡುತ್ತಾರೆ. ಡಿಸ್ಚಾರ್ಜ್ ದಿನವೇ ತೂಕ, ಸೊಂಟದ ಸುತ್ತಳತೆ, ಬಿಪಿ, ಸಕ್ಕರೆ ಬರೆಸಿಕೊಳ್ಳಿ. ಅಂಗಡಿಯ ತಕ್ಕಡಿ ಆದರೂ ಸರಿ, ತಿಂಗಳಿಗೊಮ್ಮೆ ತೂಗಿ. ತಮ್ಮ ಮೊದಲ ವರ್ಷ 14 ಕಿಲೋ ಏರಿದ. ಮಾತ್ರೆ ನಿಲ್ಲಿಸಲಿಲ್ಲ. ರಾತ್ರಿಯ ಅನ್ನ ಕಡಿಮೆ ಮಾಡಿ ರಾಗಿ ಮುದ್ದೆ ಸಣ್ಣದು ಮಾಡಿದೆವು. ಕಾಲುವೆ ಏರಿಯ ಮೇಲೆ ದಿನವೂ ಇಬ್ಬರೂ ನಡೆಯುತ್ತೇವೆ, ಈಗಲೂ.

ನೋಡಿಕೊಳ್ಳುವವರು ಒಬ್ಬರೇ ಆದರೆ ಆಗುವುದಿಲ್ಲ. ನಾನು ಮೂರನೇ ವಾರಕ್ಕೆ ಕೌಂಟರಿನಲ್ಲೇ ನಿದ್ದೆಹೋದೆ. ಆಮೇಲೆ ರಾತ್ರಿ ಪಾಳಿ ಹಂಚಿಕೊಂಡೆವು. ಹತ್ತರಿಂದ ಎರಡರವರೆಗೆ ಅಪ್ಪ, ಎರಡರಿಂದ ನಾನು, ಭಾನುವಾರ ಸೋದರಮಾವ. ತೊಂಬತ್ತೊಂದನೇ ದಿನ ತಮ್ಮನೇ ಹಾಳೆ ತೆಗೆದು ಪಾಳಿಯ ಕೆಳಗೆ ತನ್ನ ಹೆಸರು ಬರೆದ. ಬೆಳಗಿನ ಕಾಫಿ ಇನ್ನು ಮೇಲೆ ತಾನೇ ಮಾಡುತ್ತೇನೆ ಅಂದ. ಇವತ್ತು ಬೆಳಿಗ್ಗೆಯೂ ಅವನೇ ಮಾಡಿದ್ದು.